ಎಷ್ಟು ವರ್ಷ ಬಾಳುತ್ತೆ ಈ ಕಂಪ್ಯೂಟರ್?

‘ಗೇಮ್ ಆಡೋಕೆ, ಗ್ರಾಫಿಕ್ಸ್ ಕೆಲಸಕ್ಕೆ ಬೆಸ್ಟ್ ಕಂಪ್ಯೂಟರ್ ಯಾವುದೋ?’ ಕ್ಲಾಸಿನಲ್ಲಿ, ಬೆಳಗಿನ ರೈಲಿನಲ್ಲಿ, ಕ್ಯಾಂಟೀನಿನಲ್ಲಿ ನನಗೆ ವಾರಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡುವುದು ಸುಲಭ. ಅಂಗಡಿಯಲ್ಲಿ ಅತಿ ಹೆಚ್ಚು ಬೆಲೆಯ ಭಾಗಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿದರೆ ಅದೇ ಬೆಸ್ಟ್! ಆದರೆ ನಮ್ಮಂಥವರ ಮನೆಯಲ್ಲಿ ಕೇಳುವ ಪ್ರಶ್ನೆ ಬೇರೆ. ‘ಅಷ್ಟು ದುಡ್ಡು ಹಾಕಿದರೆ ಎಷ್ಟು ವರ್ಷ ಬಾಳುತ್ತೆ?’ ಬೆಸ್ಟ್ ಯಾವುದು ಎಂಬುದಕ್ಕಿಂತ ಇದು ಹೆಚ್ಚು ಬುದ್ಧಿವಂತ ಪ್ರಶ್ನೆ ಎಂದು ನನಗನ್ನಿಸುತ್ತದೆ.

ನಾನು ಬಿಇ ಮೂರನೇ ವರ್ಷ, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ತಿಪಟೂರಿನಿಂದ ತುಮಕೂರಿಗೆ ದಿನಾ ರೈಲಿನಲ್ಲಿ ಓಡಾಟ. ಬಿಡುವಿನಲ್ಲಿ ಬ್ಲೆಂಡರ್ ಸಾಫ್ಟ್‌ವೇರ್ ಬಳಸಿ ಊರಿನ ಒಬ್ಬ ಸಿವಿಲ್ ಎಂಜಿನಿಯರ್‌ಗೆ ಮನೆಗಳ ತ್ರೀಡಿ ಎಲಿವೇಶನ್ ಮಾಡಿಕೊಡುತ್ತೇನೆ. ಎರಡು ವರ್ಷ ಗೆಳೆಯನ ಕಂಪ್ಯೂಟರ್‌ನಲ್ಲೇ ಈ ಕೆಲಸ ನಡೆಯಿತು. ಕಳೆದ ವರ್ಷ, ಅಂದರೆ 2025ರ ಜುಲೈನಲ್ಲಿ ಸ್ವಂತದ್ದು ಕೊಳ್ಳುವ ನಿರ್ಧಾರವಾಯಿತು. ನನ್ನ ಉಳಿತಾಯ 40 ಸಾವಿರ, ಅಮ್ಮ ಮಹಿಳಾ ಸಂಘದಲ್ಲಿ ಎತ್ತಿದ ಸಾಲ 80 ಸಾವಿರ. ಸಂಘದ ಕಂತು ವಾರ ವಾರ ಕಟ್ಟಬೇಕು, ಎರಡು ವರ್ಷ. ಕಂತು ಮುಗಿಯುವ ಮೊದಲೇ ಕಂಪ್ಯೂಟರ್ ಹಳತಾದರೆ ಅದು ನನ್ನೊಬ್ಬನ ನಷ್ಟವಲ್ಲ. ಹಾಗಾಗಿ ಪ್ರತಿಯೊಂದು ಭಾಗಕ್ಕೂ ನಾನು ಕೇಳಿದ್ದು ಒಂದೇ ಮಾತು: ನೀನು ಎಷ್ಟು ವರ್ಷ ನನ್ನ ಜೊತೆ ಇರುತ್ತೀಯ?

ಎಲ್ಲಕ್ಕೂ ಒಂದೇ ಆಯಸ್ಸಿಲ್ಲ

ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಒಂದು ವಸ್ತುವಲ್ಲ, ಏಳೆಂಟು ವಸ್ತುಗಳ ಕೂಡುಕುಟುಂಬ. ಕೆಲವು ಭಾಗಗಳು ಹತ್ತು ವರ್ಷವಾದರೂ ಅಷ್ಟಾಗಿ ಹಳತಾಗುವುದಿಲ್ಲ: ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್, ಕೀಬೋರ್ಡ್, ಯುಪಿಎಸ್‌ನ ಹೊರಮೈ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಐದಾರು ವರ್ಷ ನೆಮ್ಮದಿಯಾಗಿ ಓಡುತ್ತವೆ. ಎಲ್ಲಕ್ಕಿಂತ ಬೇಗ ಹಳತಾಗುವುದು ಗ್ರಾಫಿಕ್ಸ್ ಕಾರ್ಡ್. ಎರಡು ಎರಡೂವರೆ ವರ್ಷಕ್ಕೊಮ್ಮೆ ಹೊಸ ತಲೆಮಾರು ಬರುತ್ತದೆ.

ಆದರೆ ನಮ್ಮಲ್ಲಿ ನಡೆಯುವುದು ಉಲ್ಟಾ. ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡ್‌ಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ ತರುತ್ತೇವೆ. ಹತ್ತು ವರ್ಷ ಇರಬೇಕಾದದ್ದಕ್ಕೆ ಚಿಲ್ಲರೆ, ಮೂರು ವರ್ಷದಲ್ಲಿ ಬದಲಾಗುವುದಕ್ಕೆ ನೋಟಿನ ಕಂತೆ! ಗ್ರಾಫಿಕ್ಸ್ ಕಾರ್ಡ್‌ಗೆ ಕಡಿಮೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಗೇಮ್‌ಗೂ ಗ್ರಾಫಿಕ್ಸ್‌ಗೂ ಅದೇ ಎಂಜಿನ್. ಆದರೆ ಮುಂದೆ ಅದನ್ನು ಕಿತ್ತು ಹೊಸದನ್ನು ಕೂರಿಸುವಾಗ ಉಳಿದ ಮನೆ ಅಲುಗಾಡಬಾರದು. ದೀರ್ಘ ಬಾಳಿಕೆ ಎಂದರೆ ಇಷ್ಟೇ.

ಲ್ಯಾಪ್‌ಟಾಪ್ ಬೇಡವೇ ಎಂದು ಕೆಲವರು ಕೇಳುತ್ತಾರೆ. ಆರಾರು ತಿಂಗಳಿಗೆ ಪಿಜಿ ಬದಲಿಸುವವರಿಗೆ ಅದೇ ಸರಿ. ಆದರೆ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡನ್ನೂ ಬೋರ್ಡ್‌ಗೇ ಬೆಸೆದಿರುತ್ತಾರೆ. ಒಂದು ಹಳತಾದರೆ ಎಲ್ಲವೂ ಹಳತಾದಂತೆ. ಒಂದೇ ಮೇಜಿನ ಮೇಲೆ ನಾಲ್ಕೈದು ವರ್ಷ ಕೂರುವ ಅವಕಾಶ ಇದ್ದವರಿಗೆ ಡೆಸ್ಕ್‌ಟಾಪೇ ಲಾಭ.

750 ಎಂದು ಬರೆದ ಮಾತ್ರಕ್ಕೆ 750 ಅಲ್ಲ

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಎಸ್‌.ಪಿ. ರೋಡ್, ಕಂಪ್ಯೂಟರ್ ಭಾಗಗಳಿಗೆ ರಾಜ್ಯದ ಸಂತೆ ಇದ್ದಂತೆ. ಮೆಟ್ರೊದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಇಳಿದರೆ ನಡೆದು ಹೋಗಬಹುದು. ಸೀನಿಯರ್ ಒಬ್ಬರ ಜೊತೆ ಒಂದು ಶನಿವಾರ ಇಡೀ ದಿನ ಅಲ್ಲಿ ಸುತ್ತಿ ನಾಲ್ಕು ಅಂಗಡಿಗಳಲ್ಲಿ ಕೊಟೇಶನ್ ಬರೆಸಿಕೊಂಡೆ. ಒಂದು ಕೊಟೇಶನ್‌ನಲ್ಲಿ ಎಲ್ಲ ಭಾಗಗಳ ಹೆಸರು, ಮಾಡೆಲ್ ಇತ್ತು. ಎಸ್‌ಎಂಪಿಎಸ್ ಎದುರು ಮಾತ್ರ ‘750 ವಾಟ್’ ಎಂದಷ್ಟೇ ಇತ್ತು. ಕಂಪನಿ ಯಾವುದು ಅಂತ ಕೇಳಿದೆ. ‘ಅದೆಲ್ಲ ಯಾಕೆ ಬ್ರದರ್, ಎಲ್ರೂ ಇದೇ ತಗೊಂಡ್ ಹೋಗ್ತಾರೆ’ ಎಂಬ ಉತ್ತರ ಬಂತು. ಡಬ್ಬಿ ತೋರಿಸಿ ಎಂದೆ. ಅದರ ಬದಿಯ ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಎದುರು 30 ಆಂಪಿಯರ್ ಎಂದು ಮುದ್ರಿಸಿತ್ತು.

ಪಿಯುಸಿ ಭೌತಶಾಸ್ತ್ರ ಇಲ್ಲಿ ಸಾಕು. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್. 12ನ್ನು 30ರಿಂದ ಗುಣಿಸಿದರೆ 360. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳು ಬಹುಪಾಲು ವಿದ್ಯುತ್ತನ್ನು ಎಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಅಂದರೆ ಹೊರಗೆ 750 ಎಂದು ಬರೆದಿದ್ದರೂ ನಮ್ಮ ಕೆಲಸಕ್ಕೆ ಸಿಗುವುದು 360. ಒಳ್ಳೆಯ 750 ವಾಟ್ ಎಸ್‌ಎಂಪಿಎಸ್‌ನಲ್ಲಿ ಇದೇ ಸಾಲಿನ ಎದುರು 62 ಆಂಪಿಯರ್ ಆಸುಪಾಸು ಇರುತ್ತದೆ. ನೀವು ಯಾವ ಅಂಗಡಿಗೆ ಹೋದರೂ ಈ ಒಂದು ಗುಣಾಕಾರ ಮಾಡಿ.

80 ಪ್ಲಸ್ ಬ್ರಾಂಝ್, ಗೋಲ್ಡ್ ಎಂಬ ಮುದ್ರೆಗಳ ಬಗ್ಗೆಯೂ ಒಂದು ಮಾತು. ಅದು ದಕ್ಷತೆಯ ಅಳತೆ, ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಶಾಖವಾಗಿ ಹಾಳಾಗದೆ ಕಂಪ್ಯೂಟರ್‌ಗೆ ತಲುಪುತ್ತದೆ ಎಂಬ ಲೆಕ್ಕ. ಗಟ್ಟಿತನಕ್ಕೆ ಅದೊಂದೇ ಸಾಕ್ಷಿಯಲ್ಲ. ವಾರಂಟಿ ಎಷ್ಟು ವರ್ಷ ಎಂಬುದು ಇನ್ನೂ ಒಳ್ಳೆಯ ಸುಳಿವು. ಐದು, ಏಳು, ಹತ್ತು ವರ್ಷ ವಾರಂಟಿ ಕೊಡುವ ಎಸ್‌ಎಂಪಿಎಸ್‌ಗಳಿವೆ. ತಯಾರಿಸಿದವನಿಗೇ ನಂಬಿಕೆ ಇಲ್ಲದಿದ್ದರೆ ಅಷ್ಟು ವರ್ಷ ಬರೆದುಕೊಡುವುದಿಲ್ಲ. ನಾನು ಏಳು ವರ್ಷ ವಾರಂಟಿಯ 750 ವಾಟ್ ಗೋಲ್ಡ್ ತೆಗೆದುಕೊಂಡೆ. ಈಗಿನ ನನ್ನ ಯಂತ್ರಕ್ಕೆ ಅದರ ಅರ್ಧ ಸಾಕು. ಉಳಿದರ್ಧ ಮುಂದಿನ ಗ್ರಾಫಿಕ್ಸ್ ಕಾರ್ಡ್‌ಗೆ ಕಾಯ್ದಿರಿಸಿದ ಸೀಟು.

ಮುಂದೆ ದಾರಿ ಇರುವ ಸಾಕೆಟ್

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಮುಂದೆ ಬೋರ್ಡ್ ಬದಲಿಸದೆ ಹೊಸ ಪ್ರೊಸೆಸರ್ ಹಾಕಬಹುದೇ ಎಂಬುದು ಇದರ ಮೇಲೆ ನಿಂತಿದೆ. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಮೊದಲ ರೈಜೆನ್ ಜೊತೆ ಕೊಂಡ ಅನೇಕ ಬೋರ್ಡ್‌ಗಳಿಗೆ ಬಯೋಸ್ ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಹಾಕಬಹುದಾಗಿತ್ತು. ಐದು ವರ್ಷ ಹಳೆಯ ಬೋರ್ಡ್‌ಗೆ ಹೊಸ ಜೀವ! ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 2021ರಿಂದ 2023ರವರೆಗೆ 12, 13, 14ನೇ ತಲೆಮಾರುಗಳಿಗೆ ಬಳಕೆಯಾಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಹೊಸ ಪ್ರೊಸೆಸರ್‌ಗಳಿಗೆ ಸಾಕೆಟ್ಟೇ ಬೇರೆ.

ನಾನು ಆರಿಸಿಕೊಂಡದ್ದು ಎಎಂ5. 2022ರಲ್ಲಿ ಬಂದ ಈ ಸಾಕೆಟ್‌ಗೆ 2027 ಹಾಗೂ ಆಚೆಗೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಬಿ650 ಬೋರ್ಡ್, ಆರು ಕೋರ್‌ಗಳ ರೈಜೆನ್ 5 7600. ಇದರ ಜೊತೆ ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಎಂಟು ಕೋರ್ ಏಕಿಲ್ಲ ಎಂದು ಗೆಳೆಯರು ಹುಬ್ಬೇರಿಸಿದರು. ಪಿಎಸ್‌5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು 2019ರ ಕಾಲದ ಜೆನ್ 2 ವಿನ್ಯಾಸದ ಎಂಟು ಕೋರ್. ದೊಡ್ಡ ಗೇಮ್‌ಗಳನ್ನು ತಯಾರಿಸುವವರು ಮೊದಲು ನೋಡುವುದು ಈ ಕನ್ಸೋಲ್‌ಗಳನ್ನು. ನನ್ನ ಆರು ಕೋರ್‌ಗಳು ಅದಕ್ಕಿಂತ ಎರಡು ತಲೆಮಾರು ಹೊಸವು, ಒಂದೊಂದೂ ಹೆಚ್ಚು ಚುರುಕು. ಮುಂದೆ ಬೇಕೆನಿಸಿದಾಗ ಅದೇ ಸಾಕೆಟ್‌ಗೆ ಎಂಟೋ ಹನ್ನೆರಡೋ ಕೋರ್ ಹಾಕಿಕೊಳ್ಳುವೆ. ಆ ಹೊತ್ತಿಗೆ ಬೆಲೆಯೂ ಇಳಿದಿರುತ್ತದೆ.

ರ‍್ಯಾಮ್ 16 ಜಿಬಿಯ ಎರಡು ಕಡ್ಡಿ ಹಾಕಿಸಿದೆ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಗಗನಕ್ಕೇರಿದೆ. ಈಗ ಕೊಳ್ಳುವವರು 8 ಜಿಬಿಯ ಎರಡು ಕಡ್ಡಿಗಿಂತ 16 ಜಿಬಿಯ ಒಂದೇ ಕಡ್ಡಿ ಹಾಕಿಸಿ, ಬೆಲೆ ಇಳಿದಾಗ ಅಂಥದ್ದೇ ಇನ್ನೊಂದನ್ನು ಸೇರಿಸುವುದು ಒಳ್ಳೆಯದು. ಸದ್ಯಕ್ಕೆ ವೇಗ ಸ್ವಲ್ಪ ಕಡಿಮೆ, ನಿಜ. ಆದರೆ ಡಿಡಿಆರ್5 ರ‍್ಯಾಮ್‌ನ ನಾಲ್ಕು ಕಡ್ಡಿಗಳನ್ನು ಒಟ್ಟಿಗೆ ಹಾಕಿದರೆ ವೇಗ ಇಳಿಸಬೇಕಾಗಿ ಬರುವುದೇ ಹೆಚ್ಚು. ಎರಡರಲ್ಲೇ ಮುಗಿಯುವಂತೆ ಯೋಜಿಸಿ.

ಎಸ್‌ಎಸ್‌ಡಿ ‘ಬರೆದು ಬರೆದು ಸವೆಯುತ್ತೆ’ ಎಂಬ ಭಯ ಹಲವರಿಗಿದೆ. 1 ಟಿಬಿಯ ಸಾಮಾನ್ಯ ಟಿಎಲ್‌ಸಿ ಡ್ರೈವ್‌ಗೆ 600 ಟಿಬಿ ಬರೆಯುವವರೆಗೆ ಅಥವಾ ಐದು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇರುತ್ತದೆ. ದಿನಕ್ಕೆ 50 ಜಿಬಿ ಬರೆದರೂ 600 ಟಿಬಿ ಮುಗಿಯಲು 12,000 ದಿನ, ಅಂದರೆ ಸುಮಾರು 33 ವರ್ಷ ಬೇಕು. ಅಲ್ಲಿಯವರೆಗೆ ನಮಗೇ ರಿಟೈರ್‌ಮೆಂಟ್ ಹತ್ತಿರವಾಗಿರುತ್ತದೆ! ಆದರೂ ಬೇರೆ ಕಾರಣಕ್ಕೆ ಯಾವುದೇ ಡ್ರೈವ್ ಕೈಕೊಡಬಹುದು. ದುಡ್ಡು ತರುವ ಕೆಲಸದ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಗ್ರಾಫಿಕ್ಸ್ ಕಾರ್ಡ್‌: ಓಟಕ್ಕಿಂತ ಜಾಗ ಮುಖ್ಯ

ಗ್ರಾಫಿಕ್ಸ್ ಕಾರ್ಡ್ ಆರಿಸುವಾಗ ಎಲ್ಲರೂ ನೋಡುವುದು ಸೆಕೆಂಡಿಗೆ ಎಷ್ಟು ಫ್ರೇಮ್ ಎಂದು. ನಾಲ್ಕೈದು ವರ್ಷದ ಬಾಳಿಕೆ ಬೇಕಾದವರು ಅದಕ್ಕಿಂತ ಮೊದಲು ನೋಡಬೇಕಾದದ್ದು ಕಾರ್ಡ್‌ನಲ್ಲಿರುವ ಮೆಮೊರಿ, ಅಂದರೆ ವಿರ‍್ಯಾಮ್. ಫ್ರೇಮ್ ಕಡಿಮೆಯಾದರೆ ಸೆಟ್ಟಿಂಗ್ ಇಳಿಸಿ ಆಡಬಹುದು. ವಿರ‍್ಯಾಮ್ ಸಾಲದಿದ್ದರೆ ಆಟ ಮುಗ್ಗರಿಸುತ್ತದೆ, ರೆಂಡರ್ ತೆವಳುತ್ತದೆ ಅಥವಾ ನಿಂತೇ ಹೋಗುತ್ತದೆ. ಮೇಲಾಗಿ ಅದನ್ನು ರ‍್ಯಾಮ್‌ನಂತೆ ಆಮೇಲೆ ಸೇರಿಸಲಾಗದು. ಚಿಪ್‌ಗಳನ್ನು ಕಾರ್ಡ್‌ಗೇ ಬೆಸೆದಿರುತ್ತಾರೆ.

ನನ್ನ ಎಲಿವೇಶನ್ ಕೆಲಸದ ಲೆಕ್ಕವನ್ನೇ ತೆಗೆದುಕೊಳ್ಳಿ. ಇಟ್ಟಿಗೆ ಗೋಡೆಗೆ ಹೊದಿಸುವ ಒಂದು 4ಕೆ ಚಿತ್ರ ಅಡ್ಡಕ್ಕೂ ಉದ್ದಕ್ಕೂ 4,096 ಚುಕ್ಕೆ. ಚುಕ್ಕೆಗೆ 4 ಬೈಟ್ ಎಂದರೆ 64 ಎಂಬಿ. ಗೋಡೆ ನೈಜವಾಗಿ ಕಾಣಲು ಬಣ್ಣ, ಒರಟುತನ, ಉಬ್ಬುತಗ್ಗು ಎಂದು ಇಂಥ ಮೂರು ನಾಲ್ಕು ಚಿತ್ರ ಬೇಕು. ಒಂದು ಸಾಮಗ್ರಿಗೇ ಹೆಚ್ಚುಕಡಿಮೆ 250 ಎಂಬಿ. ಇಟ್ಟಿಗೆ, ಮರ, ಗ್ರಾನೈಟ್, ಹುಲ್ಲು, ಗೇಟಿನ ಕಬ್ಬಿಣ ಎಂದು 20 ಸಾಮಗ್ರಿ ಸೇರಿದರೆ 5 ಜಿಬಿ. ಅಂಗಳದಲ್ಲಿ ಎರಡು ತೆಂಗಿನ ಮರ ಬೇಡವೇ? ತಿಪಟೂರಿನ ಗಿರಾಕಿ ಅದಿಲ್ಲದೆ ಒಪ್ಪುವುದಿಲ್ಲ! 8 ಜಿಬಿ ಕಾರ್ಡ್ ಅಲ್ಲಿಗೇ ಏದುಸಿರು ಬಿಡುತ್ತದೆ. ಅದಕ್ಕೇ 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ಕೊಂಡೆ. ಇದೇ ಹೆಸರಿನ ಕಾರ್ಡ್ 8 ಜಿಬಿಯಲ್ಲೂ ಬರುತ್ತದೆ. ಕೊಟೇಶನ್‌ನಲ್ಲಿ ಬರೀ ಹೆಸರು ಬರೆದಿದ್ದರೆ ಮೆಮೊರಿ ಎಷ್ಟು ಎಂದು ಬರೆಸಿಕೊಳ್ಳಿ.

ಗೇಮ್ ಮಾತ್ರ ಆಡುವವರಿಗೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯೂ ಒಳ್ಳೆಯ ಆಯ್ಕೆ. ರೆಂಡರಿಂಗ್‌ನ ಹಲವು ಸಾಫ್ಟ್‌ವೇರ್‌ಗಳು ಎನ್‌ವಿಡಿಯಾದ ಕೂಡಾ ವ್ಯವಸ್ಥೆಗೆ ಹೊಂದಿಕೊಂಡಿರುವುದರಿಂದ ನನಗೆ ಅದು ಬೇಕಾಯಿತು. ನಿಮ್ಮ ಕೆಲಸದ ಸಾಫ್ಟ್‌ವೇರ್ ಏನು ಕೇಳುತ್ತದೆ ಎಂದು ಮೊದಲು ನೋಡಿ, ಆಮೇಲೆ ಕಾರ್ಡ್. ಇದಕ್ಕಿಂತ ದುಬಾರಿ ಯಂತ್ರವಿಲ್ಲದೆ ಏನೂ ಆಗದು ಎಂಬ ಕೊರಗು ಬೇಡ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಉಚಿತವಾಗಿ ಸಿಗುವ ಬ್ಲೆಂಡರ್‌ನಲ್ಲೇ.

ಕೆಡದೆಯೂ ಹಳತಾಗುವುದುಂಟು

ಸೆಕೆಂಡ್ ಹ್ಯಾಂಡ್ ಕೊಂಡರೆ ದುಡ್ಡು ಉಳಿಯುತ್ತದೆ. ಅದು ತಪ್ಪಲ್ಲ. ಆದರೆ ಯಂತ್ರ ಕೆಟ್ಟರಷ್ಟೇ ಆಯಸ್ಸು ಮುಗಿಯಿತು ಎಂದುಕೊಳ್ಳಬಾರದು. 2017ರ ಜಿಟಿಎಕ್ಸ್ 1080 ಟಿಐ ತನ್ನ ಕಾಲದ ರಾಜ. 11 ಜಿಬಿ ಮೆಮೊರಿ, ಈಗಲೂ ತಾಕತ್ತು ಇದೆ. ಆದರೆ ಅದರಲ್ಲಿ ರೇ ಟ್ರೇಸಿಂಗ್ ಯಂತ್ರಾಂಶವಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’, 2025ರ ‘ಡೂಮ್: ದ ಡಾರ್ಕ್ ಏಜಸ್’ ಗೇಮ್‌ಗಳಿಗೆ ಅದು ಕಡ್ಡಾಯ. 2025ರ ಅಕ್ಟೋಬರ್ ನಂತರ ಈ ತಲೆಮಾರಿನ ಕಾರ್ಡ್‌ಗಳಿಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್‌ಗಳನ್ನೂ ನಿಲ್ಲಿಸಿತು.

ವಿಂಡೋಸ್ ಕಥೆಯೂ ಹೀಗೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಹಳೆಯ ಐ7 ಎಂದು ಅಗ್ಗಕ್ಕೆ ಸಿಕ್ಕರೆ ‘ಯಾವ ತಲೆಮಾರು?’ ಎಂದು ಕೇಳಿ. ಬರೀ ಓದಿಗೆ, ಕೋಡಿಂಗ್‌ಗೆ ಆದರೆ ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ ಇನ್ನೂ ಹಲವು ವರ್ಷ ಓಡಿಸಬಹುದು.

ನಮ್ಮೂರಿನ ಕರೆಂಟು, ದೂಳು, ಸೆಕೆ

ವಿದೇಶದ ವಿಡಿಯೊಗಳಲ್ಲಿ ಸಿಗದ ಪಾಠ ಇದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹೆಚ್ಚಿನ ಸಲ ಅದು ಕಂಪ್ಯೂಟರ್‌ನ ದೋಷವಲ್ಲ, ಗೋಡೆಯಲ್ಲಿ ಅರ್ಥಿಂಗ್ ಇಲ್ಲದ್ದು. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್‌ನಿಂದ ಸಣ್ಣ ಪ್ರಮಾಣದ ಸೋರಿಕೆ ಭೂಮಿಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಕ್ಯಾಬಿನೆಟ್‌ನಲ್ಲೇ ಉಳಿಯುತ್ತದೆ. ಸಾವಿರಾರು ರೂಪಾಯಿಯ ಬಣ್ಣದ ಲೈಟು ಹಾಕಿಸುವ ಮುಂಚೆ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ. ನಮ್ಮ ಮನೆಯಲ್ಲಿ ಮೊದಲು ಮಾಡಿಸಿದ್ದು ಅದನ್ನೇ.

ಯುಪಿಎಸ್ ಕೊಳ್ಳುವಾಗ ವಿಎ ಬೇರೆ, ವಾಟ್ ಬೇರೆ ಎಂಬುದು ನೆನಪಿರಲಿ. 600 ವಿಎ ಎಂದು ಮಾರುವ ಸಾಮಾನ್ಯ ಯುಪಿಎಸ್ ತಡೆಯುವುದು 360 ವಾಟ್ ಮಾತ್ರ. ನನ್ನ ಪ್ರೊಸೆಸರ್, 180 ವಾಟ್‌ನ ಕಾರ್ಡ್, ಮಾನಿಟರ್ ಎಲ್ಲ ಸೇರಿ ಪೂರ್ತಿ ದುಡಿಯುವಾಗ ಸುಮಾರು 350 ವಾಟ್. ಅಂಚಿನಲ್ಲಿ ನಡೆಯುವುದು ಬೇಡವೆಂದು 1,000 ವಿಎ ತಂದೆ. ಅದರ ಬ್ಯಾಟರಿಯನ್ನು ಮೂರು ವರ್ಷದ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ. ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿದ್ದೇನೆ.

ಶಾಖದ ವಿಷಯ ನಮ್ಮ ಲ್ಯಾಬ್‌ನಲ್ಲಿ ಹೇಳಿಕೊಡುವಂಥದ್ದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರ್‌ಗಳ ರೂಢಿಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಗೆಳೆಯರಿಗೆ ಇದು ಇನ್ನೂ ಮುಖ್ಯ. ಮುಂಭಾಗ ಗಾಜಿನಿಂದ ಮುಚ್ಚಿದ, ಅಂದದ ಕ್ಯಾಬಿನೆಟ್‌ಗಿಂತ ಜಾಲರಿ ಮುಖದ್ದು ಒಳ್ಳೆಯದು. ಕಿತ್ತು ತೊಳೆಯುವ ಫಿಲ್ಟರ್ ಇರಲಿ. ತಿಂಗಳಿಗೊಮ್ಮೆ ದೂಳು ಝಾಡಿಸಿ. ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ ಇಡಬೇಡಿ.

ಕರೆಂಟು ಬಿಲ್ಲನ್ನೂ ಮರೆಯಬೇಡಿ. 350 ವಾಟ್‌ನಂತೆ ದಿನಕ್ಕೆ ನಾಲ್ಕು ಗಂಟೆ ಎಂದರೆ ತಿಂಗಳಿಗೆ 42 ಯೂನಿಟ್. ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪವಷ್ಟೇ ಹೆಚ್ಚುವರಿ ಸಿಗುತ್ತದೆ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. ನಮ್ಮ ಮನೆಯಲ್ಲಿ ಆ ಹೆಚ್ಚುವರಿ ಬಿಲ್ಲು ನನ್ನ ಪಾಲಿಗೆ ಬಂದಿದೆ. ಎಲಿವೇಶನ್ ದುಡ್ಡಿನಲ್ಲಿ ಮೊದಲು ಸಂಘದ ಕಂತು, ಆಮೇಲೆ ಕರೆಂಟು, ಉಳಿದರೆ ಗೇಮ್.

ಬಿಲ್ಲೂ ಒಂದು ಭಾಗವೇ

‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡಿ ಕೊಡ್ತೀನಿ’ ಎಂಬ ಮಾತು ಎಲ್ಲಾದರೂ ಕಿವಿಗೆ ಬೀಳಬಹುದು. ಈ ಭಾಗಗಳ ಮೇಲಿನ ಜಿಎಸ್‌ಟಿ ಶೇ 18. ಅದನ್ನು ಉಳಿಸುವ ಆಸೆ ಸಹಜ. ಆದರೆ ಮೂರನೇ ವರ್ಷ ಕಾರ್ಡ್ ಕೈಕೊಟ್ಟಾಗ ಸರ್ವಿಸ್ ಸೆಂಟರ್‌ನವರು ಕೇಳುವುದು ಬಿಲ್ಲನ್ನೇ. ಪ್ರತಿ ಭಾಗದ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ, ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿದೆಯೇ ಅಥವಾ ಹೊರರಾಜ್ಯಕ್ಕೆ ಕೊರಿಯರ್ ಮಾಡಬೇಕೇ, ವಿಚಾರಿಸಿ. ಬಿಲ್ಲಿನ ಅಕ್ಷರ ಮಾಸಿಹೋಗುವುದುಂಟು, ಅದೇ ದಿನ ಫೋಟೊ ತೆಗೆದಿಡಿ. ಡಬ್ಬಿಗಳನ್ನು ಅಟ್ಟದ ಮೇಲೆ ಹಾಕಿಡಿ. ಮುಂದೆ ಕಾರ್ಡ್ ಮಾರುವಾಗ ಬಿಲ್ಲು, ಡಬ್ಬಿ ಇದ್ದದ್ದಕ್ಕೆ ಬೆಲೆ ಹೆಚ್ಚು ಸಿಗುತ್ತದೆ.

ನನ್ನ ಈಗಿನ ಯೋಜನೆ ಹೀಗಿದೆ. 2027ಕ್ಕೆ ಡಿಗ್ರಿಯೂ ಸಂಘದ ಕಂತೂ ಮುಗಿಯುತ್ತವೆ. 2028ಕ್ಕೆ ಯುಪಿಎಸ್ ಬ್ಯಾಟರಿ. ಕೆಲಸ ಸಿಕ್ಕು ಕೈಯಲ್ಲಿ ಸ್ವಲ್ಪ ದುಡ್ಡಾಡಿದರೆ 2029ರ ಸುಮಾರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್, ಬೇಕಿದ್ದರೆ ಅದೇ ಸಾಕೆಟ್‌ಗೆ ಇನ್ನೊಂದು ಪ್ರೊಸೆಸರ್. ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್ ಇವೇ ಇರುತ್ತವೆ.

ನೀವೂ ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬೇಕಾದ ಭಾಗಗಳನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ವರ್ಷದವರೆಗೆ ನಿಮ್ಮ ಜೊತೆ ಇರಬೇಕು ಎಂದು ಬರೆಯಿರಿ. ಕೊಟೇಶನ್ ಕೈಗೆ ಬಂದಾಗ ಆ ವರ್ಷದ ಪಕ್ಕದಲ್ಲಿ ಬೆಲೆ, ವಾರಂಟಿ ತುಂಬಿ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಿಡಿಯಬೇಕು ಎಂಬುದು ಆ ಹಾಳೆಯಲ್ಲೇ ಕಾಣಿಸುತ್ತದೆ.